ಕೀಲು ಬಿಟ್ಟ ಮಧ್ಯಾಹ್ನಗಳು

"ಕೆಳಗೆ ಬಿದ್ದಿತ್ತಾ ಮೇಡಂ?" ಎಂದು ಕೌಂಟರಿನ ಹುಡುಗಿ ಕೇಳಿದಳು. "ಇಲ್ಲ, ತಾನಾಗೇ ಹೀಗಾಯ್ತು" ಎಂದಳು ಅವಳು. ಹೇಳುತ್ತಿದ್ದಂತೆ ಕಿವಿಯ ತುದಿ ಬಿಸಿಯಾಯಿತು. ಹುಡುಗಿ ನಂಬಿದಳೋ ಬಿಟ್ಟಳೋ ಗೊತ್ತಾಗುವಂತಿರಲಿಲ್ಲ. ಅದೆಷ್ಟು ಜನರ ಬಾಯಿಂದ ಇದೇ ಮಾತು ಕೇಳಿದ್ದಳೋ, ಅವಳ ಮುಖದ ಮೇಲೆ ಏನೂ ಉಳಿದಿರಲಿಲ್ಲ. ಲ್ಯಾಪ್‌ಟಾಪು ಇಬ್ಬರ ನಡುವೆ ಗಾಜಿನ ಮೇಲೆ ಬಿದ್ದುಕೊಂಡಿತ್ತು. ಎಡಮೂಲೆಯ ಪ್ಲಾಸ್ಟಿಕ್ ಸೀಳಿ, ಒಳಗಿನ ಲೋಹದ ಕೀಲು ಹೊರಗೆ ಇಣುಕುತ್ತಿತ್ತು; ಮುಚ್ಚಳ ಅಲುಗಾಡದಿರಲೆಂದು ಮನೆಯಲ್ಲೇ ಸುತ್ತಿದ್ದ ರಬ್ಬರ್ ಬ್ಯಾಂಡು ಇಲ್ಲಿಯ ಬಿಳಿ ದೀಪದಲ್ಲಿ ನಾಚಿಕೆಗೇಡಿನ ವಸ್ತುವಾಗಿ ಕಂಡಿತು. ಅದನ್ನು ಮೊದಲೇ ಬಿಚ್ಚಬೇಕಿತ್ತು ಎಂದುಕೊಂಡಳು. ಹುಡುಗಿ ಕೈ ತಾಗಿಸದೆ ಪೆನ್ನಿನ ತುದಿಯಿಂದ ಸೀಳನ್ನು ಸ್ವಲ್ಪ ಎತ್ತಿ ನೋಡಿ, "ವಾರಂಟಿ ಮುಗಿದು ಬಹಳ ದಿನ ಆಗಿದೆ. ಮುಗಿಯದೆ ಇದ್ದಿದ್ರೂ ಇದಕ್ಕೆ ಬರ್ತಿರ್ಲಿಲ್ಲ. ಇದು ಬಳಸಿದವರಿಂದ ಆದ ಹಾನಿ ಅಂತ ಬರುತ್ತೆ" ಎಂದಳು. ಬಳಸಿದವರಿಂದ ಆದ ಹಾನಿ. ಔಷಧಿ ಡಬ್ಬಿಗಳ ಒಳಗಿಡುವ ಚೀಟಿಗಳನ್ನು ಅನುವಾದ ಮಾಡಿ ಬದುಕುತ್ತಿದ್ದ ಅವಳಿಗೆ ಇಂಥ ಮಾತು ಹೊಸದಲ್ಲ. ಇದಕ್ಕಿಂತ ಚೆನ್ನಾಗಿ ತಾನೂ ಬರೆಯಲಾರೆ ಎನಿಸಿತು. ಆದರೆ ಹಿಂದೆ ಸಾಲಿನಲ್ಲಿ ನಿಂತಿದ್ದ ಗಂಡಸೊಬ್ಬ ಕತ್ತು ಚಾಚಿ ನೋಡಿದ. ಹುಡುಗಿ ಧ್ವನಿ ತಗ್ಗಿಸಿ, "ಹೊಸದೇ ತಗೊಂಡುಬಿಡಿ ಮೇಡಂ" ಎಂದಳು. ಆ ಕನಿಕರಕ್ಕೆ ಅವಳು ತಯಾರಾಗಿರಲಿಲ್ಲ. ಲ್ಯಾಪ್‌ಟಾಪನ್ನು ಬಟ್ಟೆಯ ಚೀಲಕ್ಕೆ ತುರುಕಿಕೊಂಡು, ಥ್ಯಾಂಕ್ಸ್ ಹೇಳುವುದನ್ನೂ ಮರೆತು ಹೊರಗೆ ಬಂದಳು. ಬೀದಿಯಲ್ಲಿ ಬಿಸಿಲಿತ್ತು. ತಾನಾಗೇ ಹೀಗಾಯ್ತು ಎಂದು ಇನ್ನೊಮ್ಮೆ, ಯಾರೂ ಕೇಳದಿದ್ದರೂ, ಮನಸ್ಸಿನಲ್ಲೇ ಹೇಳಿ ನೋಡಿದಳು.

ತಾನಾಗೇ ಆದದ್ದಲ್ಲ. ಎರಡೂ ಕೈಯಿಂದ, ಕುರ್ಚಿಯಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಹಾಕಿ ಮುಚ್ಚಿದ್ದಳು. ಅದೂ ಖಾಲಿ ಪರದೆಯ ಮೇಲಲ್ಲ, ಅಕ್ಕನ ಮುಖದ ಮೇಲೆ. ಬೇರೆ ಊರಿನ ಆರೈಕೆ ಮನೆಯಲ್ಲಿ ಬಲಭಾಗ ಸ್ವಾಧೀನವಿಲ್ಲದೆ, ಮಾತೂ ಇಲ್ಲದೆ ಮಲಗಿದ್ದ ಅಕ್ಕನನ್ನು ಹೋದ ವರ್ಷದಿಂದ ಪ್ರತಿ ಮಧ್ಯಾಹ್ನ ಅವಳು ಈ ಪರದೆಯಲ್ಲಿ ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಊಟವಾದ ಮೇಲೆ ಕರೆ ಶುರು. ಸಂಜೆ ಆಯಾ ಬಂದು ಅಕ್ಕನಿಗೆ ಟೀ ಕುಡಿಸುವ ಹೊತ್ತಿಗೆ ಮುಗಿಯುವುದು. ಮೊದಮೊದಲು ಅವಳೇ ಏನಾದರೂ ಹೇಳುತ್ತಿದ್ದಳು, ಬೆಲೆ ಏರಿದ್ದು, ಮೇಲಿನ ಮನೆಯವರ ಜಗಳ, ಚೀಟಿಯಲ್ಲಿ ಬಂದ ವಿಚಿತ್ರವಾದ ಕಾಯಿಲೆಯ ಹೆಸರು. ಒಬ್ಬರೇ ಎಷ್ಟು ಮಾತಾಡಲಾದೀತು? ಬರಬರುತ್ತಾ "ಊಟ ಆಯ್ತಾ ಅಕ್ಕ?" ಎನ್ನುವುದೊಂದು ಉಳಿಯಿತು. ಆಮೇಲೆ ಅವಳು ಟೈಪ್ ಮಾಡುತ್ತಾ ಕೂರುವುದು, ಅಕ್ಕ ನೋಡುತ್ತಾ ಮಲಗುವುದು. ಅಕ್ಕ ಕಣ್ಣು ಕೀಳುತ್ತಿರಲಿಲ್ಲ. ತಲೆನೋವು, ವಾಕರಿಕೆ, ಅಪರೂಪವಾಗಿ ಚರ್ಮದಲ್ಲಿ ತುರಿಕೆ ಎಂದು ಬರೆಯುತ್ತಿದ್ದಾಗ ಅವಳ ಮೂಗೇ ತುರಿಸುತ್ತಿತ್ತು, ಕೈ ಎತ್ತಲು ಸಂಕೋಚ. ಬಾಳೆಹಣ್ಣು ತಿನ್ನುವಾಗ ಎದುರಿಗಿರುವವಳಿಗೆ ಅಗಿಯಲು ಬಾರದೆಂಬುದು ನೆನಪಾಗಿ ಗಂಟಲಲ್ಲೇ ನಿಲ್ಲುತ್ತಿತ್ತು. ಆ ದಿನ ಅಕ್ಕ "ಊಂ" ಎಂದು ಶುರುಮಾಡಿದಳು. "ನೀರಾ?" ಎಂದು ಇವಳು ಕೇಳಿದಳು. ಊಂ. "ಆಯಾನ ಕರೀಲಾ? ಸೆಖೆನಾ?" ಊಂ, ಊಂ. ಮುಗಿಸಿ ಕಳಿಸಬೇಕಾದ ಚೀಟಿ ಅರ್ಧದಲ್ಲಿತ್ತು. "ಏನು ಬೇಕು ಅಂತ ಬಾಯಿಬಿಟ್ಟು ಹೇಳಬಾರದಾ!" ಎಂದು ಕೂಗಿದ್ದಳು, ಮಾತು ಸತ್ತವಳಿಗೆ. ತನ್ನ ಮಾತು ತನಗೇ ಕೇಳಿಸಿ, ಅದನ್ನು ಅಳಿಸುವವಳಂತೆ ಮುಚ್ಚಳ ಹೊಡೆದಿದ್ದಳು. ಚಟ್ ಎಂದಿತು. ಆಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಮಾತ್ರ. ಈಗ ರಸ್ತೆ ದಾಟಲು ನಿಂತಾಗ ಅವಳನ್ನು ಕಾಡಿದ್ದು ಆ ಚಟ್ ಅಲ್ಲ. ಆ ಕಡೆಯಿಂದ ಅದು ಹೇಗೆ ಕಂಡಿರಬಹುದು ಎಂಬುದು. ತಂಗಿಯ ಮುಖ ಹತ್ತಿರ ಬಂತು, ಎದೆ ಬಂತು, ಅಂಗೈ ಬಂತು, ಕತ್ತಲೆ. ಸ್ವಲ್ಪ ಹೊತ್ತಾದ ಮೇಲೆ ಆಯಾಗೆ ಫೋನು ಮಾಡಿ "ಕರೆಂಟು ಹೋಯ್ತು" ಎಂದಿದ್ದಳು. "ಪರವಾಗಿಲ್ಲ ಬಿಡಿ ಅಮ್ಮ, ಟೀಚರಮ್ಮ ಆರಾಮಾಗಿದಾರೆ" ಎಂದಿದ್ದಳು ಆಯಾ. ಅಕ್ಕ ಶಾಲೆಯಲ್ಲಿ ಆಟದ ಟೀಚರಾಗಿದ್ದವಳು, ಅಲ್ಲಿ ಎಲ್ಲರಿಗೂ ಅವಳು ಟೀಚರಮ್ಮ.

ಸಾಲಾಗಿ ಫೋನಿನ ಕವರುಗಳನ್ನು ತೂಗುಹಾಕಿದ್ದ ಓಣಿಯಲ್ಲಿ, ಮೆಟ್ಟಿಲ ಕೆಳಗೆ ಒಂದು ರಿಪೇರಿ ಅಂಗಡಿ ಸಿಕ್ಕಿತು. ರಿಪೇರಿಯವನು ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡು ಬಿಸ್ಕತ್ತು ತಿನ್ನುತ್ತಿದ್ದ. ಚೀಲದಿಂದ ಹೊರತೆಗೆದದ್ದನ್ನು ಕಂಡು "ಬಾರಮ್ಮ, ನೀನೊಬ್ಬಳು ಬಾಕಿಯಿದ್ದೆ" ಎಂದು ಲ್ಯಾಪ್‌ಟಾಪಿಗೇ ಹೇಳಿ, ಕೈ ಒರೆಸಿಕೊಂಡು ಸ್ಕ್ರೂ ಬಿಚ್ಚತೊಡಗಿದ. ಅವಳು ಕೂರಲು ಜಾಗವಿರಲಿಲ್ಲ. ಯಾರದೋ ಪ್ರಿಂಟರಿನ ಪಕ್ಕ ನಿಂತು ನೋಡಿದಳು. ತಳ ಬಿಚ್ಚಿಕೊಂಡಿತು. ಅವನು ಅದನ್ನು ಪೇಪರಿನ ಮೇಲೆ ಬೋರಲು ಹಿಡಿದು ಬ್ರಷ್ಷಿನಿಂದ ಕೊಡವಿದಾಗ ರೊಟ್ಟಿಯ ಚೂರುಗಳು, ಅನ್ನದ ಒಣಗಿದ ಅಗುಳು, ಅವಳದೇ ಬಿಳಿಕೂದಲು, ಒಂದು ತುಂಡು ಉಗುರು ಉದುರಿದವು. "ಊಟ ತಿಂಡಿ ಎಲ್ಲ ಇದರ ಮುಂದೇನಾ ಮೇಡಂ?" ಎಂದು ನಕ್ಕ. ಅವನ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಪೇಪರಿನ ಮೇಲೆ ತನ್ನ ಒಂದು ವರ್ಷದ ಊಟಗಳು ಹೀಗೆ ಹರಡಿ ಬಿದ್ದದ್ದನ್ನು ಅವಳು ಹೆಚ್ಚು ಹೊತ್ತು ನೋಡಲಾರದೆ ಹೋದಳು. "ಹಿಂಜ್ ತುಕ್ಕು ಹಿಡಿದ ಹಾಗೆ ಬಿಗಿಯಾಗಿದೆ," ಅವನು ಹೇಳುತ್ತಿದ್ದ. "ನೀವು ತೆಗೆದಾಗಲೆಲ್ಲ ಪ್ಲಾಸ್ಟಿಕ್ಕನ್ನ ಎಳೀತಾ ಬಂದಿದೆ. ಒಳಗಿನ ಹಿತ್ತಾಳೆ ನಟ್ಟು ಎಲ್ಲ ಕಿತ್ತುಬಂದಿವೆ ನೋಡಿ. ಕೊನೆಗೊಂದು ದಿನ ಯಾರೋ ಜೋರಾಗಿ ಬಡಿದಿದಾರೆ."

"ಯಾರೂ ಬಡಿದಿಲ್ಲ."

"ಮನೇಲಿ ಮಕ್ಕಳಿದಾರಾ?"

"ಇಲ್ಲ."

"ಯಜಮಾನ್ರು?"

"ಇಲ್ಲ."

"ಹಂಗಾದ್ರೆ ಬೆಕ್ಕು" ಎಂದ ಅವನು, ಕೇಸು ಬಗೆಹರಿಸಿದವನಂತೆ. ಅವಳು ತಲೆಯಾಡಿಸಿದಳು. "ಹೂಂ, ಒಂದು ಬೆಕ್ಕಿದೆ." ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಹುಟ್ಟಿದಾಗಿನಿಂದ ಬೆಕ್ಕು ಕಂಡರಾಗದವಳು. ರಿಪೇರಿಯವನು ಬೆಕ್ಕಿನ ಬಗ್ಗೆ ಒಂದಷ್ಟು ಮಾತಾಡಿ, ಬಾಡಿ ಬೇರೆ ಹಾಕಬೇಕು, ಇದೇ ಮಾಡೆಲ್ಲಿನ ಹಳೆಯದೊಂದು ತರಿಸುತ್ತೇನೆ, ಕೆಲವು ದಿನ ಬೇಕು ಎಂದ. ಓಣಿಯ ಬಾಯಿಗೆ ಬಂದಾಗ ಅವಳ ಚೀಲ ಹಗುರವಾಗಿ ಗಾಳಿಗೆ ಹಾರಾಡುತ್ತಿತ್ತು.

ಅಲ್ಲೇ ನಿಂತು ಆಯಾಗೆ ಫೋನು ಮಾಡಿದಳು. "ಕಂಪ್ಯೂಟರು ರಿಪೇರಿಗೆ ಕೊಟ್ಟಿದೀನಿ. ಬರೋವರೆಗೂ ಅಕ್ಕನ ಜೊತೆ ಮಾತಾಡೋಕಾಗಲ್ಲ. ಸ್ವಲ್ಪ ಹೇಳ್ತೀರಾ?" ಈ ಮಾತು ಹೇಳುವಾಗ ಕೈಯಲ್ಲಿ ಹಿಡಿದಿದ್ದ ಫೋನಿನಲ್ಲೇ ಕ್ಯಾಮೆರಾ ಇತ್ತು, ಪರದೆಯೂ ಇತ್ತು. ಅದು ಆಯಾಗೆ ಗೊತ್ತಿಲ್ಲದ ಸಂಗತಿಯೇನಲ್ಲ. ದಿನಾ ಅಕ್ಕನ ಫೋಟೋ ತೆಗೆದು ಇದಕ್ಕೇ ಕಳಿಸುವವಳು ಅವಳೇ. ಈ ಫೋನಲ್ಲೇ ಮಾಡಬಹುದಲ್ಲಮ್ಮ ಎಂದು ಅವಳು ಕೇಳಲಿ ಎಂದು ಕಾದಳು. ಕೇಳಿದ್ದರೆ ಹೂಂ ಎನ್ನುತ್ತಿದ್ದಳು, ಖಂಡಿತ. ಆಯಾ "ಆಗ್ಲಿ ಬಿಡಿ ಅಮ್ಮ, ಹೇಳ್ತೀನಿ" ಎಂದು ಇಟ್ಟುಬಿಟ್ಟಳು. ಆ ಮಧ್ಯಾಹ್ನ ಅವಳು ಊಟ ಮಾಡಿ, ಮೇಜಿನ ಕಡೆ ಬೆನ್ನು ಹಾಕಿ, ನೆಲದ ಮೇಲೆ ಮಲಗಿ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡಳು. ಬಾಳೆಹಣ್ಣು ತಿಂದಳು. ಇನ್ನೊಂದು ತಿಂದಳು. ಬಾಯಿ ತೆರೆದು ನಿದ್ದೆ ಹೋದಳು. ಮಾರನೆಯ ದಿನ ಬಿಸಿಲಲ್ಲೇ ಬೀದಿಗಿಳಿದಳು. ಆ ಹೊತ್ತಿನ ಬೀದಿಯನ್ನು ಅವಳು ಒಂದು ವರ್ಷದಿಂದ ಕಂಡಿರಲಿಲ್ಲ. ಕ್ಷೌರದಂಗಡಿಯವನು ಗಿರಾಕಿಯ ಕುರ್ಚಿಯಲ್ಲಿ ತಾನೇ ಒರಗಿ ಗೊರಕೆ ಹೊಡೆಯುತ್ತಿದ್ದ. ಬ್ಯಾಂಕಿನ ಹಿಂದಿನ ಗೋಡೆಯ ನೆರಳಲ್ಲಿ ಇಬ್ಬರು ಹೆಂಗಸರು ಚಪ್ಪಲಿ ಬಿಚ್ಚಿ ಕಾಲು ಚಾಚಿ ಯಾರನ್ನೋ ಮನಸಾರೆ ಬೈಯುತ್ತಿದ್ದರು. ನಿಂತು ಕೇಳಿಸಿಕೊಂಡಳು. ಹಾಯೆನಿಸಿತು. ಹಾಯೆನಿಸಿದ್ದು ಗೊತ್ತಾದ ಮೇಲೆ ಮನೆಯ ಕಡೆ ತಿರುಗಿದಳು. ಅಕ್ಕ ಈಗ ಖಾಲಿ ಪರದೆಯ ಕಡೆ ಮುಖ ಮಾಡಿ ಮಲಗಿರುತ್ತಾಳೆ, ಕಾಯುತ್ತಾಳೆ, ಬೇರೆ ಏನಿದೆ ಅವಳಿಗೆ? ಮನೆಗೆ ಬಂದವಳು ಬಾಗಿಲು ಹಾಕಿ ಕೆಮ್ಮಿದಳು. ಬೆಳಗಿನಿಂದ ತಾನು ಒಂದೂ ಮಾತಾಡಿಲ್ಲ ಎಂದು ಆಗ ಹೊಳೆಯಿತು. ಇಷ್ಟು ದಿನ "ಊಟ ಆಯ್ತಾ" ಎಂದಾದರೂ ಬಾಯಿ ಬಿಡುತ್ತಿದ್ದಳು. "ಊಟ ಆಯ್ತಾ?" ಎಂದು ಖಾಲಿ ಮೇಜನ್ನು ಕೇಳಿದಳು. ಸ್ವರ ಒಡಕಾಗಿ, ಬೇರೆ ಯಾರದೋ ಮನೆಯಿಂದ ಬಂದಂತೆ ಕೇಳಿಸಿತು. ಮೂರನೆಯ ದಿನ ಆ ಹಾಯಿಯೂ ಇರಲಿಲ್ಲ. ಮೂಗು ತುರಿಸಿದರೆ ಕೆರೆದುಕೊಂಡಳು. ಯಾರೂ ನೋಡದಿದ್ದಾಗ ಅದರಲ್ಲೂ ಸುಖವಿರಲಿಲ್ಲ.

ರಿಪೇರಿಯವನು ಕರೆದಾಗ ತಲೆ ಬಾಚಿಕೊಳ್ಳದೇ ಹೋದಳು. "ಬೆಕ್ಕು ಹೇಗಿದೆ ಮೇಡಂ?" ಎಂದ. "ಇದೆ" ಎಂದಳು. ಹೊಸ ಬಾಡಿ ಬೂದುಬಣ್ಣದ್ದು, ಪರದೆಯ ಸುತ್ತಿನದು ಮೊದಲಿನ ಕಪ್ಪೇ; ಎರಡು ಲ್ಯಾಪ್‌ಟಾಪು ಸೇರಿಸಿ ಹೊಲಿದ ಹಾಗಿತ್ತು. "ಬಣ್ಣ ಒಂದಕ್ಕೊಂದು ಆಗಿಬರಲ್ಲ, ಕೆಲಸಕ್ಕೇನೂ ತೊಂದರೆಯಿಲ್ಲ" ಎಂದು ಅವನು ಒಂದೇ ಬೆರಳಿನಿಂದ ಮುಚ್ಚಳ ಎತ್ತಿ ತೋರಿಸಿದ. ಸದ್ದಿಲ್ಲದೆ ತೆರೆದುಕೊಂಡಿತು. "ಕ್ಯಾಮೆರಾ ವೈರು ಬಿಚ್ಚಿ ಮತ್ತೆ ಹಾಕಿದೀನಿ. ಇಲ್ಲೇ ಯಾರಿಗಾದ್ರೂ ವಿಡಿಯೋ ಕಾಲ್ ಮಾಡಿ ನೋಡ್ಬಿಡಿ. ಆಮೇಲೆ ಮನೆಗೆ ಹೋಗಿ ಸರಿಯಿಲ್ಲ ಅಂದ್ರೆ ಕಷ್ಟ." ಬೇಡ ಎನ್ನಲು ಕಾರಣ ಸಿಗಲಿಲ್ಲ. ತಾನು ವಿಡಿಯೋ ಕಾಲ್ ಮಾಡುವಂಥವರು ಲೋಕದಲ್ಲಿ ಒಬ್ಬರೇ ಎಂದು ಈ ಮನುಷ್ಯನಿಗೆ ಹೇಳುವುದುಂಟೆ? ಒತ್ತಿದಳು. ಅಕ್ಕನ ಕಣ್ಣು ಹೇಗಿರುತ್ತದೋ, ಮೊದಲು ಏನು ಹೇಳಬೇಕೋ. ಪರದೆ ಬೆಳಗಿತು. ಮಂಚ ಕಾಣಿಸಿತು. ಮಂಚದ ಮೇಲೆ ಯಾರೂ ಇರಲಿಲ್ಲ. ಹೊದಿಕೆ ಮಡಿಸಿಟ್ಟಿತ್ತು, ದಿಂಬು ಗೋಡೆಗೆ ಒರಗಿತ್ತು.

"ಅಕ್ಕ ಎಲ್ಲಿ?" ಎಂದು ಕಿರುಚಿದಳು. ರಿಪೇರಿಯವನ ಕೈಯಿಂದ ಸ್ಕ್ರೂ ಬಿತ್ತು.

ಆಯಾಳ ಮುಖ ಪಕ್ಕದಿಂದ ತೂರಿಬಂತು. "ಅಯ್ಯೋ, ಹೆದರ್ಕೋಬೇಡಿ ಅಮ್ಮ! ಟೀಚರಮ್ಮ ವರಾಂಡದಲ್ಲಿದಾರೆ. ನಿಮ್ಮ ಕಂಪ್ಯೂಟರು ಕೆಟ್ಟಾಗಿಂದ ಮಧ್ಯಾಹ್ನ ಅಲ್ಲೇ ಕೂರೋದು."

"ಅಲ್ಲಿ ಏನಿದೆ?"

"ಎದುರುಗಡೆ ಮೈದಾನ ಇದೆಯಲ್ಲ, ಕಾಲೇಜು ಹುಡುಗೀರು ವಾಲಿಬಾಲ್ ಆಡ್ತಾರೆ. ಟೀಚರಮ್ಮ ಮಂಚದಲ್ಲಿ ಮಲಗಿದ್ರೂ ಕಿವಿ ಅಲ್ಲೇ. ಸೀಟಿ ಕೇಳಿದ್ರೆ ಸಾಕು, ಊಂ ಊಂ ಅಂತ ಶುರು. ಆಚೆ ಕರ್ಕೊಂಡು ಹೋಗ್ತೀನಿ ಬನ್ನಿ ಅಂತ ನಾನು ಎಷ್ಟು ಸಲ ಕುರ್ಚಿ ತಂದಿಲ್ಲ! ಬರೋರೇ ಅಲ್ಲ. ಈ ಪರದೆ ಕಡೆ ಕೈ ತೋರ್ಸೋರು. ತಂಗಿ ಬರೋ ಹೊತ್ತು, ಅವಳೊಬ್ಬಳೇ ಇರ್ತಾಳೆ ಅನ್ನೋ ಹಂಗೆ." ಆಯಾ ಎದೆಯ ಮೇಲೆ ಕೈಯಿಟ್ಟುಕೊಂಡು, ಆಮೇಲೆ ಒಂದು ಬೆರಳು ಎತ್ತಿ ಅಕ್ಕ ಮಾಡುವ ಸನ್ನೆಯನ್ನು ಮಾಡಿ ತೋರಿಸಿದಳು. "ಈಗ ಒಳಗೆ ಕರ್ಕೊಂಡು ಬರ್ಲಾ? ನೀವು ಬಂದಿದೀರ ಅಂದ್ರೆ ಬಂದ್ಬಿಡ್ತಾರೆ."

"ಬೇಡ" ಎಂದಳು. ಬೇರೆ ಏನಾದರೂ ಹೇಳಬೇಕೆಂದು ತೋರಿ, "ಸುಮ್ನೆ ಕ್ಯಾಮೆರಾ ನೋಡೋಕೆ ಮಾಡಿದ್ದು" ಎಂದಳು.

"ಚೆನ್ನಾಗಿ ಬರ್ತಿದೆಯಲ್ಲ" ಎಂದ ರಿಪೇರಿಯವನು, ನೆಲದ ಮೇಲೆ ಸ್ಕ್ರೂ ಹುಡುಕುತ್ತಾ. ಅವನು ಎಷ್ಟು ಕೇಳಿಸಿಕೊಂಡಿದ್ದನೋ, ಮುಚ್ಚಳವನ್ನು ಅವಳಿಗಾಗಿ ತಾನೇ ಮೆಲ್ಲಗೆ ಮುಚ್ಚಿ ಚೀಲಕ್ಕೆ ಹಾಕಿಕೊಟ್ಟ. ದಾರಿಯುದ್ದಕ್ಕೂ ಅವಳಿಗೆ ಸಮಾಧಾನವಾಗಬೇಕಿತ್ತು. ಆ ಊಂ ತನ್ನನ್ನು ಕರೆದದ್ದಲ್ಲ, ಬೈದದ್ದಲ್ಲ, ಬೇಡಿದ್ದಲ್ಲ. ಮೈದಾನದಲ್ಲಿ ಯಾರೋ ಊದಿದ ಸೀಟಿಗೆ. ಆದರೆ ಆದದ್ದು ಸಮಾಧಾನವಲ್ಲ, ಮುಖಕ್ಕೆ ಹೊಡೆದಂಥ ಅವಮಾನ. ವರ್ಷವಿಡೀ ತಾನು ರೋಗಿಯೊಬ್ಬಳಿಗೆ ಕಾವಲು ಕೂತಿದ್ದೇನೆಂದು ನಂಬಿದ್ದಳು. ಬೀದಿ ಬಿಟ್ಟು, ಬಿಸಿಲು ಬಿಟ್ಟು, ನಿದ್ದೆ ಬಿಟ್ಟು. ಸಂಬಂಧಿಕರ ಮುಂದೆ, "ಏನ್ಮಾಡೋದು, ನಾನಿಲ್ಲದಿದ್ರೆ ಅವಳಿಗೆ ಯಾರು?" ಎಂದು ನಿಟ್ಟುಸಿರು ಬಿಟ್ಟಿದ್ದೂ ಉಂಟು. ಆ ಕಡೆ ಮಂಚದ ಮೇಲೆ ಅಕ್ಕನೂ ಇದನ್ನೇ ಅಂದುಕೊಂಡು, ಕಿವಿಗೆ ಬೀಳುತ್ತಿದ್ದ ಸೀಟಿಯನ್ನು ಬಿಟ್ಟು, ಕಣ್ಣು ಕೀಳದೆ ಕಾವಲು ಕೂತಿದ್ದಳು. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದರು? ಮನೆಗೆ ಬಂದು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಳು, ತೆರೆಯಲಿಲ್ಲ. ಕಣ್ಣು ಕೀಳದ ಆ ನೋಟವನ್ನು ಇನ್ನೊಮ್ಮೆ ಎದುರಿಸಲು ಈಗ ಬೇರೆಯೇ ಭಯವಾಯಿತು.

ಶನಿವಾರ ಬೆಳಗಿನ ರೈಲು ಹತ್ತಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಕ್ಕನನ್ನು ಸ್ನಾನ ಮಾಡಿಸಿ, ತಲೆ ಬಾಚಿಸಿ, ಬಾಗಿಲ ಕಡೆ ಮುಖ ಮಾಡಿ ಕೂರಿಸಿರುತ್ತಾರೆ ಎಂದು ಗೊತ್ತಿತ್ತು. ಆರೈಕೆ ಮನೆಯ ಉದ್ದನೆಯ ನಡುಹಾದಿಯಲ್ಲಿ ಫಿನಾಯಿಲಿನ ವಾಸನೆ. ಬಾಗಿಲುಗಳು ಅರ್ಧ ತೆರೆದಿದ್ದವು, ಒಳಗೆ ಯಾರ ಯಾರದೋ ಪಾದಗಳು. ಹಾಸಿಗೆ ಬಟ್ಟೆ ಮಡಿಸುತ್ತಿದ್ದ ಆಯಾ ಅವಳನ್ನು ಕಂಡು ಬಾಯಿ ತೆರೆದಳು. "ಹೇಳ್ದೇ ಕೇಳ್ದೇ ಬಂದ್ಬಿಟ್ರಲ್ಲಮ್ಮ! ಹೋಗಿ, ಆಚೆ ಇದಾರೆ." ವರಾಂಡದ ತುದಿಯಲ್ಲಿ, ಗಾಲಿಕುರ್ಚಿಯಲ್ಲಿ, ಅಕ್ಕನ ಬೆನ್ನು. ಕೂದಲನ್ನು ಗಂಡುಹುಡುಗನ ಹಾಗೆ ಕತ್ತರಿಸಿದ್ದರು; ಕುತ್ತಿಗೆ ಇಷ್ಟು ಸಣ್ಣದೆಂದು ಪರದೆಯಲ್ಲಿ ಎಂದೂ ಕಂಡಿರಲಿಲ್ಲ. ಬೇಲಿಯಾಚೆ, ರಸ್ತೆಯಾಚೆ, ಧೂಳಿನ ಮೈದಾನದಲ್ಲಿ ಹುಡುಗಿಯರು ಆಡುತ್ತಿದ್ದರು. ಚೆಂಡು ಏಳುವ ಮುಂಚೆ ಅಕ್ಕನ ಎಡಗೈ ಏಳುತ್ತಿತ್ತು. ಚೆಂಡು ಗೆರೆಯಾಚೆ ಬಿದ್ದರೆ ತೊಡೆಯ ಮೇಲೆ ಬಡಿಯುತ್ತಿತ್ತು. "ಊಂ!" ಅದು ಮಧ್ಯಾಹ್ನಗಳಲ್ಲಿ ಕೇಳಿದ್ದ ಊಂ ಅಲ್ಲವೇ ಅಲ್ಲ, ಅಥವಾ ಅದೇ, ಅವಳು ಕೇಳಿಸಿಕೊಂಡಿರಲಿಲ್ಲ. ಇಲ್ಲಿಂದಲೇ ತಿರುಗಿ ಹೋಗಿಬಿಟ್ಟರೆ ಹೇಗೆ ಎಂದು ಒಂದು ಗಳಿಗೆ ಯೋಚಿಸಿದಳು. ಅಕ್ಕನಿಗೆ ಗೊತ್ತಾಗುವುದೂ ಇಲ್ಲ. ಆಯಾ ನೋಡಿಯಾಗಿತ್ತು. ಮುಂದೆ ಹೆಜ್ಜೆಯಿಟ್ಟಳು. ಅವಳ ನೆರಳು ಕುರ್ಚಿಯ ಮೇಲೆ ಬಿತ್ತು.

ಅಕ್ಕ ತಿರುಗಿದಳು. ಮೊದಲು ಬಂದದ್ದು ಬರೀ ಬೆರಗು, ಮುಖದ ತುಂಬ. ಅದರ ಹಿಂದೆಯೇ ಇನ್ನೊಂದು ಮುಖ ಏಳತೊಡಗಿತು. ಬಾಯಿಯ ಎಡತುದಿ ಮೇಲೆ ಹೋಯಿತು, ಕೆನ್ನೆ ಬಿಗಿದುಕೊಂಡಿತು, ಕಣ್ಣು ಅಗಲವಾಯಿತು. ಪರದೆಯ ಮೇಲಿನ ಮುಖ. ಅಷ್ಟನ್ನು ಎತ್ತಿ ನಿಲ್ಲಿಸಲು ಅಕ್ಕನ ಕುತ್ತಿಗೆಯ ನರ ಉಬ್ಬಿ ನಡುಗುತ್ತಿತ್ತು. ಇದು ಕಾಯಿಲೆ ಕೊಟ್ಟ ಮುಖವೆಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ರೈಲಿನಲ್ಲಿ ಹೊಂದಿಸಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಶುರುಮಾಡಿದಳು. "ಅಕ್ಕ, ಅವತ್ತು ಕರೆಂಟು ಹೋಗಿರ್ಲಿಲ್ಲ. ನಾನೇ ಸಿಟ್ಟಲ್ಲಿ ನಿನ್ನ ಮುಖಕ್ಕೆ—"

ಮೈದಾನದಲ್ಲಿ ಸೀಟಿ ಊದಿದರು. ಅಕ್ಕನ ಎಡಗೈ ಎದ್ದು, ಅಂಗೈ ಅಗಲಿಸಿ ಅವಳ ಮೂಗಿನ ಮುಂದೆ ನಿಂತಿತು. ತಡಿ. ಕಣ್ಣು ಚೆಂಡಿನ ಮೇಲೆ. ಚೆಂಡು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ, ಯಾರೂ ಬಿಡುವಂತೆ ಕಾಣಲಿಲ್ಲ. ಅವಳು ಅರ್ಧ ತೆರೆದ ಬಾಯಲ್ಲಿ ಅರ್ಧ ತಪ್ಪೊಪ್ಪಿಗೆಯನ್ನು ಹಿಡಿದುಕೊಂಡು ಕಾದಳು. ಕೊನೆಗೆ ಉದ್ದಜಡೆಯ ಹುಡುಗಿಯೊಬ್ಬಳು ಎಗರಿ ಹೊಡೆದಳು. "ಊಂ" ಎಂದಳು ಅಕ್ಕ, ತೃಪ್ತಿಯಿಂದ. ಆಮೇಲೆ ತಂಗಿ ನೆನಪಾಗಿ, ಕೈ ಇಳಿಸಿ, ಈ ಕಡೆ ತಿರುಗಿ, ಮತ್ತೆ ಆ ನಗೆಯನ್ನು ಎತ್ತತೊಡಗಿದಳು.

"ಬೇಡ ಅಕ್ಕ" ಎಂದಳು ಅವಳು. "ನನ್ನನ್ನ ನೋಡ್ಬೇಡ. ನಾನು ಚೆನ್ನಾಗಿದೀನಿ. ನೀನು ಆಟ ನೋಡು."

ಅಕ್ಕ ಬಹಳ ಹೊತ್ತು ಅವಳ ಮುಖದಲ್ಲೇನೋ ಹುಡುಕಿದಳು. ಸುಳ್ಳು ಹೇಳುತ್ತಿದ್ದಾಳೆಂದು ಗೊತ್ತಾಗಿರಬೇಕು. ಚೆನ್ನಾಗಿದ್ದೀನಿ ಎಂಬ ಮಾತನ್ನು ತಂಗಿ ಚಿಕ್ಕಂದಿನಿಂದಲೂ ಕೆಟ್ಟದಾಗಿ ಹೇಳುತ್ತಿದ್ದಳು. ಆದರೂ ನಿಧಾನಕ್ಕೆ ಬಾಯಿಯ ತುದಿ ಇಳಿಯಿತು. ಕೆನ್ನೆ ಸಡಿಲವಾಗಿ ಕಾಯಿಲೆ ಬಿಟ್ಟುಹೋದ ಜಾಗಕ್ಕೆ ಬಂದು ನಿಂತಿತು. ಹಿಡಿದಿಟ್ಟದ್ದನ್ನು ಬಿಟ್ಟ ಮುಖ, ಮುದುಕಿಯ ಮುಖ, ಅವಳು ಈವರೆಗೆ ನೋಡದಿದ್ದದ್ದು. ತುಟಿಯ ಅಂಚಿನಲ್ಲಿ ಜಿನುಗಿದ್ದನ್ನು ಕರ್ಚೀಫಿನಿಂದ ಒರೆಸಿದಳು. ಅಕ್ಕ ಒರೆಸಿಸಿಕೊಂಡು, ಹೇಳಿದ ಮಾತು ಕೇಳುವವಳಂತೆ ಮೈದಾನದ ಕಡೆ ತಿರುಗಿಬಿಟ್ಟಳು. ಅವಳು ಮೆಟ್ಟಿಲ ಮೇಲೆ ಮಂಡಿ ಕಟ್ಟಿಕೊಂಡು ಕೂತಳು. ಆಟದ ತಲೆಬುಡ ಅವಳಿಗೆ ತಿಳಿಯುತ್ತಿರಲಿಲ್ಲ. ಯಾರು ಗೆಲ್ತಿದಾರೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಬಿಸಿಲು ಮೊಣಕಾಲಿನವರೆಗೆ ಬಂದಿತ್ತು. ಈಗ ಅವಳನ್ನು ಯಾರೂ ನೋಡುತ್ತಿರಲಿಲ್ಲ. ಚೆಂಡು ಬಲೆಗೆ ತಗುಲಿ ಹೊಡೆದವಳ ಕಾಲ ಬುಡದಲ್ಲೇ ಬಿತ್ತು. ಅಕ್ಕ ಕುರ್ಚಿಯಲ್ಲಿ ಮುಂದೆ ಬಾಗಿ ಜೋರಾಗಿ ಬೈದಳು. ಅದರಲ್ಲಿ ಮಾತು ಒಂದೂ ಇರಲಿಲ್ಲ, ಬೈಗುಳ ಮಾತ್ರ ಪೂರ್ತಿಯಿತ್ತು. ಮೈದಾನದಲ್ಲಿ ಯಾರಿಗೂ ಅದು ಕೇಳಿಸಲಿಲ್ಲ.